ಬಲಗಡೆಯ ಸೀಟು

ಇಪ್ಪತ್ತಾರು ವರ್ಷ ನಾನು ಕೂತದ್ದು ಬಲಗಡೆಯ ಸೀಟಿನಲ್ಲಿ.
ನಮ್ಮ ಹಾಪ್ಸಲುವಿನಲ್ಲಿ ಸ್ಟೀರಿಂಗು ಎಡಕ್ಕೆ.
ಕಲಿಸುವವಳಿಗೆ ಬಲಕ್ಕೊಂದು ಜಾಗ,
ಕಾಲಡಿಗೆ ಒಂದೇ ಒಂದು ಪೆಡಲು:
ಬ್ರೇಕು.
ಓಡಿಸುವ ಪೆಡಲು ನನಗೆ ಕೊಟ್ಟಿರಲಿಲ್ಲ. ನಾನೂ ಕೇಳಲಿಲ್ಲ.

ಹದಿನೆಂಟರ ಹುಡುಗರು, ಬೆವರಿದ ಅಂಗೈ,
ಚೂಯಿಂಗ್ ಗಮ್ಮು, ಹಿಂದಿನ ರಾತ್ರಿ ಮುರಿದ ಪ್ರೇಮದ ಮೂಗೊರೆಸು.
ಕನ್ನಡಿ ನೋಡು, ಬೆಲ್ಟು ಹಾಕು, ನಿಧಾನ, ನಿಧಾನ,
ನಿದ್ದೆಯಲ್ಲೂ ಇದನ್ನೇ ಅನ್ನುತ್ತೇನಂತೆ.
ಕಾಲೆವ್ ಹೇಳುತ್ತಾನೆ: ರಾತ್ರಿ ಹಾಸಿಗೆಯ ತುದಿಗೆ
ಬಲಗಾಲು ಒತ್ತಿ ಹಿಡಿಯುತ್ತೀ,
ಎದುರಿಂದ ಏನೋ ಬಂದು ಗುದ್ದುವ ಹಾಗೆ.

ಏನೂ ಬರುತ್ತಿರಲಿಲ್ಲ.
ಅದೇ ತೊಂದರೆ.

ಐವತ್ತೆರಡಕ್ಕೆ ಮೈಯೊಳಗೆ ಬೇಸಿಗೆ
ಹೊತ್ತಲ್ಲದ ಹೊತ್ತಲ್ಲಿ ಬಂದು ಹೋಗುತ್ತದೆ.
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ,
ನಾನು ಕಿಟಕಿ ತೆರೆದು ನಿಲ್ಲುತ್ತೇನೆ.
ಕಾಲೆವ್ ಪದಬಂಧ ಬಿಡಿಸುತ್ತಾ
"ನದಿ, ನಾಲ್ಕಕ್ಷರ" ಅನ್ನುತ್ತಾನೆ.
ಗೊತ್ತಿರುತ್ತದೆ. ಹೇಳುವುದಿಲ್ಲ.
ಜಗಳವಿಲ್ಲ, ಸಾಲವಿಲ್ಲ, ದೂರಲು ಒಂದು ನೆಪವೂ ಇಲ್ಲದ
ಬದುಕಿನ ಮೇಲೆ ಮುನಿಸಿಕೊಳ್ಳುವುದೆಂದರೆ
ತೊಳೆದು ಬೋರಲಿಟ್ಟ ತಟ್ಟೆಯ ಮೇಲೆ ಮುನಿಸಿಕೊಂಡ ಹಾಗೆ.

ಫೆಬ್ರವರಿಯಲ್ಲೊಂದು ದಿನ ರೇಡಿಯೋ ಹೇಳಿತು:
ಕಡಲು ಗಟ್ಟಿಯಾಗಿದೆ,
ಹೀಯುಮಾ ದ್ವೀಪಕ್ಕೆ ಮಂಜುಗಡ್ಡೆಯ ದಾರಿ ತೆರೆದಿದೆ,
ಹೊತ್ತು ಮುಳುಗುವ ತನಕ.

ಶೆಡ್ಡಿನಲ್ಲಿ ಚಿಕ್ಕಪ್ಪ ಎಂಡೆಲ್ ಬಿಟ್ಟುಹೋದ ಲಾಡಾ,
ಸಾಸಿವೆ ಬಣ್ಣ, ಹಿಂದಿನ ಸೀಟಿಗೆ ಇನ್ನೂ ಹೊಗೆಮೀನಿನ ವಾಸನೆ.
ಬ್ಯಾಟರಿಯನ್ನು ರಾತ್ರಿಯಿಡೀ ಅಡುಗೆಮನೆಯಲ್ಲಿ
ಬಾಣಂತಿಯ ಹಾಗೆ ಬೆಚ್ಚಗೆ ಒಲೆಯ ಪಕ್ಕ ಇಟ್ಟೆ.
ಬೆಳಿಗ್ಗೆ ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಒಪ್ಪಿತು.
"ಎಲ್ಲಿಗೆ?" ಅಂದ ಕಾಲೆವ್.
"ಬ್ರೆಡ್ಡು ತರುತ್ತೇನೆ."

ದಡದಲ್ಲಿ ಅಡ್ಡಗೋಲು. ಕಿತ್ತಳೆ ಜಾಕೆಟ್ಟಿನವನು ಬಗ್ಗಿ ನೋಡಿದರೆ
ರಾಸ್ಮುಸ್! ಮೂರು ಸಲ ನಪಾಸಾದವನು, ನನ್ನ ಕೈಯಲ್ಲೇ ಕಲಿತು.
ಮಗ್ಗಿ ಒಪ್ಪಿಸುವ ಹಾಗೆ ನಿಯಮ ಒಪ್ಪಿಸಿದ:
ಮುಂದಿನ ಗಾಡಿಗೆ ಕಾಲು ಕಿಲೋಮೀಟರು ಅಂತರ.
ಇಪ್ಪತ್ತೈದರ ಒಳಗೆ ಹೋಗಿ, ಇಲ್ಲಾ ನಲವತ್ತು ದಾಟಿಸಿ,
ನಡುವೆ ಮಾತ್ರ ಬೇಡ,
ನಡುವಿನ ವೇಗಕ್ಕೇ ಕೆಳಗೆ ನೀರು ಅಲೆಯೆದ್ದು ಗಡ್ಡೆ ಸೀಳುವುದು.
ಎಲ್ಲೂ ನಿಲ್ಲಿಸಬೇಡಿ.
ಆಮೇಲೆ, ನಾಚಿಕೊಂಡು, "ಟೀಚರ್,
ಬೆಲ್ಟು ಬಿಚ್ಚಬೇಕು."

ಬಿಚ್ಚಿದೆ.

ಮೊದಮೊದಲು ಮುಳ್ಳು ಮೂವತ್ತೆರಡರಲ್ಲಿ.
ಊರ ಮಕ್ಕಳಿಗೆಲ್ಲ ನಾನು ಕಲಿಸಿದ ವೇಗ ಅದೇ.
ಅಡಿಯಲ್ಲಿ ದೊಡ್ಡ ಪ್ರಾಣಿಯೊಂದು ಮಗ್ಗಲು ಬದಲಿಸಿತು,
ಬಲಗಾಲು ಹಳೇ ಚಾಳಿಗೆ ಬ್ರೇಕು ತಡವಿತು.
ಬೇಡ ಕಣೇ, ಅಂದೆ ಕಾಲಿಗೆ.

ನಲವತ್ತೈದು. ಅರವತ್ತು.
ದಾರಿಗುರುತಿಗೆ ನೆಟ್ಟ ಜುನಿಪರ್ ಕೊಂಬೆಗಳು
ಎಣಿಸುವಷ್ಟರಲ್ಲಿ ಹಿಂದೆ.
ಎಡಕ್ಕೂ ಬಿಳಿ, ಬಲಕ್ಕೂ ಬಿಳಿ, ಆಕಾಶ ಯಾವುದೆಂದು
ಯಾರಾದರೂ ಗೆರೆ ಎಳೆದು ತೋರಿಸಬೇಕು.
ಪಕ್ಕದ ಸೀಟು ಖಾಲಿ.
ಅಲ್ಲಿ ಯಾರೂ ಉಸಿರು ಬಿಗಿಹಿಡಿದು ಕೂತಿರಲಿಲ್ಲ.

ನನಗೆ ಹಾಡಲು ಬಾರದು.
ಕಿಟಕಿ ಇಳಿಸಿ ಕಡಲಿಗೆಲ್ಲ ಕೇಳುವಂತೆ
ಬಾಯಿಪಾಠವಿದ್ದ ಫಲಕಗಳನ್ನೇ ಕೂಗಿದೆ:
ಮುಂದೆ ಶಾಲೆಯಿದೆ! ಕಡಿದಾದ ತಿರುವಿದೆ!
ದನಗಳು ದಾಟುತ್ತವೆ, ಎಚ್ಚರ!
ಒಂದು ದನವೂ ದಾಟಲಿಲ್ಲ.
ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಆ ನೀರೂ
ರೆಪ್ಪೆಯಲ್ಲೇ ಗಟ್ಟಿಯಾಯಿತು.

ಸಂಜೆ ಕಾಲೆವ್ ಕಾಗದದ ಚೀಲ ತಿರುಗಿಸಿ ನೋಡಿದ.
ಬೇಕರಿಯ ಹೆಸರು, ಕಡಲಾಚೆಯ ಊರು.
ಗಡಿಯಾರ ನೋಡಿದ. ನನ್ನ ಕೆಂಪು ಮೂಗು ನೋಡಿದ.
ಕರಿ ಬ್ರೆಡ್ಡಿನ ತುದಿ ಮುರಿದು ಬೆಣ್ಣೆ ಬಳಿದು
ನನ್ನ ಕಡೆ ಸರಿಸಿದ.
ನದಿ, ನಾಲ್ಕಕ್ಷರ, ಇನ್ನೂ ಖಾಲಿಯಿತ್ತು.
ಹೇಳಿದೆ.

ಐದನೆಯ ದಿನ ಗಾಳಿ ತಿರುಗಿ ದಾರಿ ಮುಚ್ಚಿತು.
ಈಗಲೂ ರಾತ್ರಿ ಬಲಗಾಲು ಒತ್ತುತ್ತೇನಂತೆ,
ಪಾಪ, ಇವಳಿಗೆ ಕನಸಲ್ಲೂ ಬಿಡುವಿಲ್ಲ, ಅನ್ನುತ್ತಾನೆ.
ಅದು ಬೇರೆ ಪೆಡಲೆಂದು
ನಾನಿನ್ನೂ ಅವನಿಗೆ ಹೇಳಿಲ್ಲ.